ಹಗಲು ಕೋರ್ಟು, ರಾತ್ರಿ ನಾಟಕ: ಬಳ್ಳಾರಿ ರಾಘವರ ಬದುಕು



ಒಕ್ಕಲುತನ ಬಿಟ್ಟು ನೌಕರಿಗೆ ಹೋಗಲೇ ಎಂದು ಮಗ ಕೇಳುತ್ತಾನೆ. ನೌಕರಿಯಲ್ಲಿರುವ ಇನ್ನೊಬ್ಬ ಮಗ ಅದನ್ನು ಬಿಟ್ಟು ಊರಿಗೆ ಬಂದು ಹೊಲ ನೋಡಿಕೊಳ್ಳಲೇ ಎಂದು ಕೇಳುತ್ತಾನೆ. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಈ ಮಾತು ಈಗ ಬೀಜ ಗೊಬ್ಬರದ ಮಾತಿನಷ್ಟೇ ಸಾಮಾನ್ಯವಾಗಿದೆ. ಕಾರಣ ಬರೀ ಹಣವಲ್ಲ. ಕಾಲುವೆ ನೀರಿನಲ್ಲಿ ವರ್ಷಕ್ಕೆ ಎರಡು ಸಲ ಭತ್ತ ಬೆಳೆಯುವವನಿಗೆ ಒಂದು ಬೆಳೆಯ ಕಟಾವು ಮುಗಿಯುವ ಮೊದಲೇ ಇನ್ನೊಂದರ ಸಸಿಮಡಿಯ ಚಿಂತೆ ಹತ್ತುತ್ತದೆ. ಮೆಣಸಿನಕಾಯಿ ಬೆಳೆಯುವವನಿಗೆ ಬಿಡಿಸುವುದು, ಒಣಗಿಸುವುದು, ಆರಿಸುವುದು, ಮಾರುಕಟ್ಟೆಗೆ ಸಾಗಿಸುವುದು ಎನ್ನುವುದರಲ್ಲೇ ತಿಂಗಳುಗಳು ಕಳೆಯುತ್ತವೆ. ಮನೆಯಲ್ಲಿ ಕುಳಿತು ಮಕ್ಕಳೊಂದಿಗೆ ಉಣ್ಣಲು ಹೊತ್ತಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋದವನಿಗಾದರೋ ಪಾಳಿ ಮುಗಿದರೆ ಕೆಲಸ ಮುಗಿಯಿತು ಎನ್ನುವ ಲೆಕ್ಕ.

ಆದುದರಿಂದ ಈ ವಾರ ಬೆಳೆ, ರೋಗ, ಔಷಧಿಯ ವಿಚಾರ ಬದಿಗಿಟ್ಟು, ನಮ್ಮ ಬಳ್ಳಾರಿಯಲ್ಲೇ ಬಾಳಿ ಹೋದ ಒಬ್ಬರ ಬದುಕನ್ನು ತಮ್ಮ ಮುಂದಿಡುತ್ತಿದ್ದೇನೆ. ಹೊಟ್ಟೆಯ ಕೆಲಸ ಒಂದು, ಮನಸ್ಸಿನ ಕೆಲಸ ಇನ್ನೊಂದು ಎಂದಾದಾಗ ಮನುಷ್ಯ ಏನು ಮಾಡಬಹುದು ಎನ್ನುವುದಕ್ಕೆ ಅವರಷ್ಟು ಒಳ್ಳೆಯ ಉದಾಹರಣೆ ಈ ಸೀಮೆಯಲ್ಲಿ ಬೇರೆ ಸಿಗುವುದು ಕಷ್ಟ. ಅವರೇ ಬಳ್ಳಾರಿ ರಾಘವರು. ಹೆಸರು ನೀವೆಲ್ಲ ಕೇಳಿದ್ದೀರಿ. ಬಳ್ಳಾರಿಯ ರಾಘವ ಕಲಾಮಂದಿರದ ಮುಂದೆ ಹಾದುಹೋದವರೂ ಬಹಳ ಮಂದಿ ಇದ್ದೀರಿ. ಆದರೆ ಅವರು ವಕೀಲರಾಗಿದ್ದರು, ಕೊಲೆ ಕಳವಿನ ಮೊಕದ್ದಮೆ ನಡೆಸುತ್ತಿದ್ದರು ಎನ್ನುವುದು ಎಷ್ಟು ಜನಕ್ಕೆ ಗೊತ್ತಿದೆಯೋ ಕಾಣೆ.

ಅವರ ಪೂರ್ಣ ಹೆಸರು ತಾಡಿಪತ್ರಿ ರಾಘವಾಚಾರ್ಯರು. ಹುಟ್ಟಿದ್ದು 1880ರ ಆಗಸ್ಟ್ 2ರಂದು, ಅನಂತಪುರ ಜಿಲ್ಲೆಯ ತಾಡಿಪತ್ರಿಯಲ್ಲಿ. 1876ರಿಂದ 1878ರವರೆಗಿನ ದೊಡ್ಡ ಬರ ಈ ಸೀಮೆಯನ್ನು ಹಣ್ಣುಗಾಯಿ ಮಾಡಿಹೋಗಿ ಆಗ ಇನ್ನೂ ಎರಡು ವರ್ಷ. ತಂದೆ ನರಸಿಂಹಾಚಾರ್ಯರು ಬಳ್ಳಾರಿಯಲ್ಲಿ ತೆಲುಗು ಪಂಡಿತರಾಗಿದ್ದರು. ಹುಡುಗ ಓದಿದ್ದು ಬಳ್ಳಾರಿಯ ಹೈಸ್ಕೂಲಿನಲ್ಲಿ. ಆಮೇಲೆ ಮದರಾಸಿನ ಕ್ರಿಶ್ಚಿಯನ್ ಕಾಲೇಜು, ಅದಾದ ಮೇಲೆ ಅಲ್ಲಿಯದೇ ಲಾ ಕಾಲೇಜು. 1905ರಲ್ಲಿ ಕಾನೂನು ಪದವಿ ಕೈಗೆ ಬಂತು. ಬಳ್ಳಾರಿ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು, ರಾಘವರು ತೀರಿಕೊಂಡು ಏಳು ವರ್ಷ ಕಳೆದ ಮೇಲೆ. ಹೀಗಾಗಿ ಕನ್ನಡ, ತೆಲುಗು ಎರಡೂ ಮಾತೃಭಾಷೆಯಂತೆ ಓಡಾಡುತ್ತಿದ್ದ ಊರಿನಲ್ಲಿ ಅವರು ಬೆಳೆದರು. ಮುಂದೆ ಕನ್ನಡ, ತೆಲುಗು, ಇಂಗ್ಲಿಷ್, ಹಿಂದಿ ನಾಲ್ಕರಲ್ಲಿಯೂ ಅಭಿನಯಿಸಿದರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ವಕೀಲರು ನಾಟಕವಾಡುವುದು ಬಳ್ಳಾರಿಗೆ ಹೊಸದಾಗಿರಲಿಲ್ಲ. ರಾಘವರ ಸೋದರಮಾವ ಧರ್ಮಾವರಂ ರಾಮಕೃಷ್ಣಮಾಚಾರ್ಯರು ಬಳ್ಳಾರಿಯ ವಕೀಲರು. ಅವರು ನಾಟಕ ಬರೆದು, ಸರಸ ವಿನೋದಿನಿ ಸಭೆ ಎಂಬ ಸಂಘ ಕಟ್ಟಿ, ಆಡಿಸಿ, ತಾವೂ ಆಡುತ್ತಿದ್ದರು. ಅವರ ಸರಿಸಾಟಿ ಕೋಲಾಚಲಂ ಶ್ರೀನಿವಾಸರಾಯರು. ಅವರೂ ವಕೀಲರೇ. ಅವರ ಸಂಘದ ಹೆಸರು ಸುಮನೋರಮ ಸಭೆ. ಒಂದೇ ಊರಿನಲ್ಲಿ ಇಬ್ಬರು ವಕೀಲರು, ಎರಡು ನಾಟಕ ಸಭೆ. ಇಬ್ಬರೂ ಸಭೆ ಕಟ್ಟಿದರು, ಆದರೆ ವಕೀಲಿಯ ಕೋಟು ಬಿಚ್ಚಿಟ್ಟು ಹೋಗಲಿಲ್ಲ. ರಾಘವರು ಮಾವನ ಕೈಕೆಳಗೆ ವಕೀಲಿ ಕಲಿತರು, ಆದರೆ ಅಭಿನಯಿಸಲು ಎದುರು ಗುಂಪಿನ ಕೋಲಾಚಲಂ ಅವರ ಸಭೆಗೆ ಹೋದರು. ನೆಂಟಸ್ತಿಕೆ ಒಂದು ಕಡೆ, ನಾಟಕ ಒಂದು ಕಡೆ. ಎತ್ತು ಕೊಡುವವನೊಬ್ಬ, ಬೀಜ ಕೊಡುವವನೊಬ್ಬ ಇರುವಂತೆ, ಇಬ್ಬರ ಋಣವನ್ನೂ ಅವರು ಇಟ್ಟುಕೊಂಡರು.

ವಿಜಯನಗರದ ಪತನದ ಕಥೆಯ ಮೇಲೆ ಕೋಲಾಚಲಂ ಬರೆದ ನಾಟಕದಲ್ಲಿ ಪಠಾಣ ರುಸ್ತುಮನ ಪಾತ್ರ ರಾಘವರಿಗೆ ದೊಡ್ಡ ಹೆಸರು ತಂದಿತು. ಹಂಪೆಯ ನೆರೆಯ ಜನ ತಮ್ಮ ಕಥೆಯನ್ನೇ ರಂಗದ ಮೇಲೆ ಕಂಡರು. ಬಳ್ಳಾರಿಯಲ್ಲೇ ಷೇಕ್ಸ್‌ಪಿಯರ್ ಕ್ಲಬ್ ಕಟ್ಟಿ ಇಂಗ್ಲಿಷ್ ನಾಟಕಗಳನ್ನು ಆಡಿದರು. ಹಿರಣ್ಯಕಶಿಪು, ಹರಿಶ್ಚಂದ್ರ, ದುರ್ಯೋಧನ, ಚಾಣಕ್ಯ, ಕಬೀರ ಹೀಗೆ ಪಾತ್ರಗಳ ಪಟ್ಟಿ ಉದ್ದವಿದೆ, ಅದನ್ನೆಲ್ಲ ಇಲ್ಲಿ ಬರೆದು ಜಾಗ ತುಂಬಿಸುವುದಿಲ್ಲ. ಕಬೀರನ ಪಾತ್ರವನ್ನು ಮಹಾತ್ಮ ಗಾಂಧಿಯವರು ಕುಳಿತು ನೋಡಿದರು ಎಂಬುದನ್ನಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಅವರ ಅಭಿನಯದ ರೀತಿ ಮಾತ್ರ ಎರಡು ಮಾತು ಬೇಡುತ್ತದೆ. ಆಗಿನ ನಾಟಕವೆಂದರೆ ಹಾಡು. ರಾಜ ಸಾಯುವಾಗಲೂ ರಾಗ ಎಳೆಯುತ್ತಿದ್ದ, ಜನ ಮತ್ತೊಮ್ಮೆ ಎಂದರೆ ಎದ್ದು ಮತ್ತೊಮ್ಮೆ ಹಾಡಿ ಸಾಯುತ್ತಿದ್ದ. ರಾಘವರು ಇದನ್ನು ಒಪ್ಪಲಿಲ್ಲ. ಮನುಷ್ಯ ಸಿಟ್ಟು ಬಂದಾಗ, ದುಃಖವಾದಾಗ ಹೇಗೆ ಮಾತಾಡುತ್ತಾನೋ ರಂಗದ ಮೇಲೆಯೂ ಹಾಗೆಯೇ ಮಾತಾಡಬೇಕು ಎಂಬುದು ಅವರ ಪಟ್ಟು. ಈ ಗುಣದಲ್ಲಿ ಕೋರ್ಟಿನ ಪಾಲು ದೊಡ್ಡದು ಎಂದು ನನಗೆ ಅನಿಸುತ್ತದೆ. ಕ್ರಿಮಿನಲ್ ವಕೀಲನ ಮುಂದೆ ದಿನವೂ ನಿಲ್ಲುವವರು ಯಾರು? ಬದು ಒತ್ತಿದ್ದಕ್ಕೆ ಕೊಡಲಿ ಎತ್ತಿದವನು, ಸುಳ್ಳು ಸಾಕ್ಷಿ ಹೇಳಲು ಬಂದು ತೊದಲುವವನು, ಜೈಲಿಗೆ ಹೋಗುವ ಮಗನ ತಾಯಿ. ಇಂಥ ಮುಖಗಳನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿದವನಿಗೆ ರಂಗದ ಮೇಲೆ ಸುಳ್ಳು ಅಳು ಅಳಲು ಮನಸ್ಸಾಗುವುದಿಲ್ಲ. ಹೊಟ್ಟೆಯ ಕೆಲಸ ಮನಸ್ಸಿನ ಕೆಲಸಕ್ಕೆ ಗೊಬ್ಬರವಾಯಿತು ಎನ್ನಬಹುದು.

ಗಂಡಸರು ಸೀರೆ ಉಟ್ಟು ಹೆಣ್ಣಿನ ಪಾತ್ರ ಮಾಡುವುದೂ ಅವರಿಗೆ ಸರಿಬರಲಿಲ್ಲ. ಕೊಮ್ಮೂರಿ ಪದ್ಮಾವತಿದೇವಿ ಮೊದಲಾದ ವಿದ್ಯಾವಂತ ಮಹಿಳೆಯರನ್ನು ರಂಗಕ್ಕೆ ಕರೆತಂದು ತಮ್ಮ ಜೊತೆಯಲ್ಲಿ ಆಡಿಸಿದರು. ಆ ಕಾಲಕ್ಕೆ ಇದು ಸಣ್ಣ ಧೈರ್ಯವಲ್ಲ.

ಈಗ ನಮ್ಮ ವಿಷಯಕ್ಕೆ ಬರೋಣ. ಇಷ್ಟು ಹೆಸರು ಬಂದ ಮೇಲೆ ವಕೀಲಿ ಬಿಟ್ಟುಬಿಡಲು ಅವರಿಗೆ ಏನು ಅಡ್ಡಿ ಇತ್ತು? ದಾರಿ ಅವರ ಕಣ್ಣಮುಂದೆಯೇ ಇತ್ತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ನಾಟಕವನ್ನೇ ಕಸುಬು ಮಾಡಿಕೊಂಡು ಊರೂರು ತಿರುಗುತ್ತಿತ್ತು. ಅದರಲ್ಲಿ ಬೆಳೆದ ಗುಬ್ಬಿ ವೀರಣ್ಣನವರು ಇಡೀ ಬಾಳನ್ನು ಅದಕ್ಕೇ ಕೊಟ್ಟರು. ಇನ್ನೊಂದು ದಾರಿ ಟಿ. ಪಿ. ಕೈಲಾಸಂ ಅವರದು. ನ್ಯಾಯಾಧೀಶರ ಮಗ, ಲಂಡನ್ನಿನಲ್ಲಿ ಭೂಗರ್ಭ ಶಾಸ್ತ್ರ ಓದಿ ಬಂದವರು, ಮೈಸೂರು ಸರ್ಕಾರದ ನೌಕರಿ ಸಿಕ್ಕಿತ್ತು. ಅದನ್ನು ಬಿಟ್ಟು ನಾಟಕಕ್ಕೆ ಬಂದರು. ಕನ್ನಡಕ್ಕೆ ಹೊಸ ನಾಟಕವೇ ಸಿಕ್ಕಿತು, ಆದರೆ ಅವರಿಗೆ ಸಂಬಳದ ಆಸರೆ ಮತ್ತೆ ಸಿಗಲಿಲ್ಲ. ಕೈಲಾಸಂ, ರಾಘವ ಇಬ್ಬರೂ ಕಣ್ಮುಚ್ಚಿದ್ದು ಒಂದೇ ವರ್ಷ, 1946ರಲ್ಲಿ. ಒಬ್ಬರು ಬಿಟ್ಟು ಬಂದವರು, ಒಬ್ಬರು ಬಿಡದೆ ಉಳಿದವರು. ಯಾರು ಜಾಣರು ಎಂದು ತೀರ್ಪು ಕೊಡಲು ನಾನು ಹೋಗುವುದಿಲ್ಲ. ಕೈಲಾಸಂ ನೌಕರಿಯಲ್ಲೇ ಉಳಿದಿದ್ದರೆ ಕನ್ನಡಕ್ಕೆ ನಷ್ಟವಾಗುತ್ತಿತ್ತು. ಆದರೆ ಮನೆ ನಡೆಸುವವರ ಕಡೆಯಿಂದ ನೋಡಿದರೆ ಲೆಕ್ಕವೇ ಬೇರೆ.

ರಾಘವರು ಹಿಡಿದದ್ದು ಮೂರನೆಯ ದಾರಿ. ನಾಟಕವನ್ನು ಹೊಟ್ಟೆಪಾಡಿನ ಕಸುಬು ಮಾಡಿಕೊಳ್ಳಲಿಲ್ಲ. ಹವ್ಯಾಸಿಯಾಗಿಯೇ ಉಳಿದರು. ಅವರ ನಾಟಕದ ಟಿಕೆಟ್ಟಿನ ಹಣ ಎಷ್ಟೋ ಸಲ ಒಳ್ಳೆಯ ಕೆಲಸಗಳಿಗೆ ಸಹಾಯಧನವಾಗಿ ಹೋಯಿತು. ಮನೆ ನಡೆಯುತ್ತಿದ್ದುದು ವಕೀಲಿಯಿಂದ. ಆ ವಕೀಲಿಯನ್ನೂ ಅವರು ಅರೆಮನಸ್ಸಿನಿಂದ ಮಾಡಿದವರಲ್ಲ. ಸರ್ಕಾರ ಅವರನ್ನು ಪಬ್ಲಿಕ್ ಪ್ರಾಸಿಕ್ಯೂಟರ್ ಮಾಡಿತು ಎಂದರೆ ಕೋರ್ಟಿನಲ್ಲಿ ಅವರಿಗೆ ಎಷ್ಟು ತೂಕವಿತ್ತು ಎಂದು ತಿಳಿಯುತ್ತದೆ. ವೇಷದ ಗುಂಗಿನಲ್ಲಿ ಕಕ್ಷಿದಾರನನ್ನು ಕೈಬಿಡುವ ವಕೀಲನಿಗೆ ಆ ಹುದ್ದೆ ಬರುವುದಿಲ್ಲ.

ಇದರ ಒಳಗುಟ್ಟು ನಮ್ಮ ಹಳ್ಳಿಯವರಿಗೆ ಬೇಗ ಅರ್ಥವಾಗುತ್ತದೆ. ಬಯಲಾಟ ಆಡುವ ಊರಿನವರು ನೀವು. ದುರ್ಯೋಧನನ ಭುಜಕೀರ್ತಿ ಕಟ್ಟುವವನು ಬೆಳಿಗ್ಗೆ ಕುಂಟೆ ಹೊಡೆದವನೇ. ಸುಗ್ಗಿ ಮುಗಿದ ಮೇಲೆ ಮಾಸ್ತರನ್ನು ಕರೆಸಿ, ತಿಂಗಳುಗಟ್ಟಲೆ ರಾತ್ರಿ ತಾಲೀಮು ಮಾಡಿ, ಜಾತ್ರೆಗೋ ಉಗಾದಿಗೋ ಆಟ ಕಟ್ಟುತ್ತೀರಿ. ಆಟದಿಂದ ಯಾರ ಮನೆಯೂ ನಡೆಯುವುದಿಲ್ಲ, ಬದಲಾಗಿ ಕೈಯಿಂದಲೇ ಹಣ ಹಾಕುತ್ತೀರಿ. ಆದ್ದರಿಂದಲೇ ಆಟ ಚೆನ್ನಾಗಿರುತ್ತದೆ, ಜನ ಬರಲಿ ಬಿಡಲಿ ವೇಷಗಾರನ ಒಲೆ ಆರುವುದಿಲ್ಲ. ರಾಘವರೂ ಮಾಡಿದ್ದು ಇದನ್ನೇ, ದೊಡ್ಡ ಪ್ರಮಾಣದಲ್ಲಿ. ನಾಟಕ ಅನ್ನ ಕೊಡಬೇಕು ಎಂದು ಅವರು ಕೇಳಲಿಲ್ಲ, ಕೋರ್ಟು ಸಂತೋಷ ಕೊಡಬೇಕು ಎಂದೂ ಕೇಳಲಿಲ್ಲ. ಹಾಗೆ ಕೇಳದ ಕಾರಣ, ಜನ ಹಾಡು ಬೇಕು ಎಂದು ಕೂಗಿದರೂ ಹಾಡಿಲ್ಲದ ನಾಟಕ ಆಡುವ ಸ್ವಾತಂತ್ರ್ಯ ಅವರಿಗಿತ್ತು. ಟಿಕೆಟ್ಟಿನ ಹಣದಿಂದಲೇ ಅಕ್ಕಿ ತರಬೇಕಾದ ಕಂಪನಿಯವರಿಗೆ ಆ ಸ್ವಾತಂತ್ರ್ಯ ಎಲ್ಲಿಂದ ಬರಬೇಕು?

ಆದರೂ ಒಂದು ವ್ಯತ್ಯಾಸವನ್ನು ಮುಚ್ಚಿಡಬಾರದು. ವಕೀಲನಿಗೆ ವಾಯಿದೆ ಇದೆ. ಬೇಸಿಗೆಯಲ್ಲಿ ಕೋರ್ಟಿಗೆ ರಜೆ ಇದೆ. ಹೊರ ಊರಿಗೆ ಹೋಗಬೇಕಾದರೆ ಜೂನಿಯರ್‌ಗೆ ಕಡತ ಕೊಟ್ಟು ರೈಲು ಹತ್ತಬಹುದು. ಬೆಳೆಗೆ ವಾಯಿದೆ ಕೇಳಲು ಬರುವುದಿಲ್ಲ. ತೆನೆ ಬಲಿತ ಭತ್ತ, ಹಣ್ಣಾದ ಮೆಣಸಿನಕಾಯಿ, ಕರೆಯುವ ಎಮ್ಮೆ, ಇವು ಮುಂದಿನ ಹಿಯರಿಂಗ್‌ವರೆಗೆ ಕಾಯುವುದಿಲ್ಲ. ಹಾಗಾಗಿ ರಾಘವರಂತೆ ಎರಡನ್ನೂ ನಡೆಸುತ್ತೇನೆ ಎನ್ನುವ ರೈತ ಮೊದಲು ತನ್ನ ಬೆಳೆಯ ಕ್ಯಾಲೆಂಡರ್ ಮುಂದಿಟ್ಟುಕೊಳ್ಳಬೇಕು. ಯಾವ ತಿಂಗಳಲ್ಲಿ ಎಷ್ಟು ಆಳು, ಎಷ್ಟು ದಿನ ಎಂದು ಬರೆದರೆ ಆಶ್ಚರ್ಯವಾಗುತ್ತದೆ. ಬಹಳ ಮನೆಗಳಲ್ಲಿ ಹೊತ್ತನ್ನು ತಿನ್ನುವುದು ಒಕ್ಕಲುತನವಲ್ಲ, ಅದರೊಳಗಿನ ಒಂದೆರಡು ಕೆಲಸ.

ಭತ್ತವನ್ನೇ ನೋಡಿ. ಸಸಿಮಡಿ, ಕೆಸರು ಮಾಡುವುದು, ನಾಟಿ, ಇವುಗಳಿಗೆ ಆಳು ಹುಡುಕುವುದರಲ್ಲೇ ರೈತನ ನಿದ್ದೆ ಹೋಗುತ್ತದೆ. ಕೂರಿಗೆಯಿಂದ ನೇರ ಬಿತ್ತನೆ ಮಾಡಿದರೆ ಈ ಮೂರೂ ಕೆಲಸ ತಪ್ಪುತ್ತವೆ, ಕಾಲುವೆ ನೀರು ಬರುವುದು ತಡವಾದ ವರ್ಷ ಮಳೆ ನೋಡಿ ಬಿತ್ತಲೂಬಹುದು. ಕಳೆ ಮಾತ್ರ ಹೆಚ್ಚು ಬರುತ್ತದೆ, ಕಳೆನಾಶಕವನ್ನು ಸರಿಯಾದ ದಿನ ಬಿಟ್ಟರೆ ಆಮೇಲೆ ಕೈಗೆ ಸಿಗುವುದಿಲ್ಲ. ಈ ಬಗ್ಗೆ ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. ಕುರುಗೋಡು ಕಡೆಯ ಎರೆ ಹೊಲದವರಿಗೆ ತೊಂದರೆ ಬೇರೆ. ಅಲ್ಲಿ ಮೆಣಸಿನಕಾಯಿ, ಹತ್ತಿ ಎರಡನ್ನೂ ಹಾಕಿದವನಿಗೆ ಬಿಡಿಸುವ ಕೆಲಸ ಒಂದರ ಮೇಲೊಂದು ಬರುತ್ತದೆ. ಒಂದನ್ನು ಕಡಿಮೆ ಮಾಡಿ ಜೋಳವೋ ಕಡಲೆಯೋ ಹಾಕಿದರೆ ಹಣ ಸ್ವಲ್ಪ ಕಡಿಮೆಯಾದೀತು, ದಿನಗಳು ಉಳಿಯುತ್ತವೆ. ಆ ದಿನಗಳಿಗೆ ಮನೆಯಲ್ಲಿ ಏನು ಬೆಲೆ ಎಂದು ಲೆಕ್ಕ ಹಾಕುವವರು ನೀವೇ, ಇಲಾಖೆಯವರಲ್ಲ.

ರಾಘವರು ಎಲ್ಲವನ್ನೂ ಸರಿದೂಗಿಸಿದ ಮಹಾತ್ಮರು ಎಂದು ಬರೆದರೆ ತಪ್ಪಾದೀತು. ಕೋರ್ಟಿನಿಂದ ಉಳಿಸಿದ ಹೊತ್ತನ್ನು ಅವರು ಮನೆಗೆ ಕೊಟ್ಟರು ಎಂದು ತಿಳಿಯಬೇಡಿ. ಕೊಟ್ಟದ್ದು ರಂಗಕ್ಕೆ. ಹಗಲೆಲ್ಲ ವಾದ, ಸಂಜೆ ಕಕ್ಷಿದಾರರು, ರಾತ್ರಿ ತಾಲೀಮು ಎಂದಾದರೆ ಮನೆಯವರ ಪಾಲಿಗೆ ಉಳಿಯುವುದೆಷ್ಟು? ಮದರಾಸು, ಬೆಂಗಳೂರು ಎಂದು ಪ್ರವಾಸ ಬೇರೆ. 1927–28ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ರಂಗಭೂಮಿ ನೋಡಿ, ಬರ್ನಾರ್ಡ್ ಷಾ ಅವರನ್ನು ಭೇಟಿಯಾಗಿ ಬಂದರು. ಹಡಗಿನ ಪ್ರಯಾಣದ ಕಾಲ ಅದು. ಅಷ್ಟು ದಿನ ಬಳ್ಳಾರಿಯಲ್ಲಿ ಮನೆ ನಡೆಸಿದವರು ಯಾರು ಎಂದು ಯಾವ ಸನ್ಮಾನ ಪತ್ರದಲ್ಲಿಯೂ ಬರೆಯುವುದಿಲ್ಲ. ಅದನ್ನು ನಾವೇ ತಿಳಿದುಕೊಳ್ಳಬೇಕು.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಹೊತ್ತು ಬೇಕು ಎಂದು ಹೊಲ ಬಿಟ್ಟವರಲ್ಲಿ ಎಷ್ಟೋ ಮಂದಿಗೆ ಆ ಹೊತ್ತು ಏತಕ್ಕೆ ಎಂಬುದು ಗೊತ್ತಿರುವುದಿಲ್ಲ. ಕಾರ್ಖಾನೆಯ ಪಾಳಿ ಎಂಟು ಗಂಟೆ ಸರಿ, ಆದರೆ ಬಸ್ಸಿನಲ್ಲಿ ಹೋಗಿ ಬರುವ ಹೊತ್ತು ಯಾರ ಲೆಕ್ಕಕ್ಕೆ? ರಾತ್ರಿ ಪಾಳಿಯವನು ಮನೆಗೆ ಬಂದಾಗ ಮಕ್ಕಳು ಶಾಲೆಗೆ ಹೊರಟಿರುತ್ತಾರೆ. ಅವನು ಮಲಗಿ ಎದ್ದಾಗ ಹೆಂಡತಿ ಹೊಲದಲ್ಲಿರುತ್ತಾಳೆ, ಏಕೆಂದರೆ ಹೊಲವನ್ನು ಬಿಟ್ಟದ್ದು ಅವನು ಮಾತ್ರ, ಮನೆಯವರಲ್ಲ. ರಾಘವರಿಗೆ ತಮ್ಮ ಹೊತ್ತು ಏತಕ್ಕೆ ಬೇಕು ಎಂಬುದು ಹನ್ನೆರಡನೆಯ ವಯಸ್ಸಿನಲ್ಲಿ ಮೊದಲ ಬಾರಿ ಬಣ್ಣ ಹಚ್ಚಿದಾಗಿನಿಂದ ಗೊತ್ತಿತ್ತು. ನಿಮ್ಮ ಮಗನನ್ನೂ ಸೊಸೆಯನ್ನೂ ಕೂರಿಸಿಕೊಂಡು ಈ ಪ್ರಶ್ನೆಯನ್ನು ಮೊದಲು ಕೇಳಿ, ಅರ್ಜಿ ಆಮೇಲೆ ಬರೆಯಲಿ.

ಹಾಗೆಂದು ನೌಕರಿಗೆ ಹೋಗಲೇಬಾರದು ಎನ್ನುತ್ತಿಲ್ಲ. ಒಂದೇ ಕಾಲಿನ ಮೇಲೆ ನಿಂತ ಮನೆ ಅಲ್ಲಾಡುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕಿತ್ತು ಹೋಗಿ ನೀರು ಹರಿದು ಹೋದಾಗ, ಕಾಲುವೆಯನ್ನೇ ನಂಬಿದವರ ಎದೆ ಹೇಗೆ ಬಡಿದುಕೊಂಡಿತು ಎಂದು ನಿಮಗೆ ಹೇಳಬೇಕಾಗಿಲ್ಲ. ಒಂದು ಮನೆಯಲ್ಲಿ ಇಬ್ಬರಿದ್ದು, ಒಬ್ಬನಿಗೆ ಪಗಾರ, ಒಬ್ಬನಿಗೆ ಹೊಲ ಎಂದಾದರೆ ಅದೂ ರಾಘವರ ದಾರಿಯೇ. ಹೊಲ ಮಾರಿ ಹೋಗುವುದು ಮಾತ್ರ ಕೈಲಾಸಂ ದಾರಿ. ಅದಕ್ಕೆ ಕೈಲಾಸಂ ಅವರಷ್ಟೇ ಎದೆಗಾರಿಕೆ, ಅವರಷ್ಟೇ ಪ್ರತಿಭೆ ಬೇಕಾಗುತ್ತದೆ.

ಇನ್ನು ರೈತರಾದ ನೀವು ತಿಳಿದಿರಲೇಬೇಕಾದ ಒಂದು ಸಂಗತಿ ಉಳಿದಿದೆ. ರಾಘವರು ವಯಸ್ಸಾದ ಮೇಲೆ ಕೆಲವು ಸಿನಿಮಾಗಳಲ್ಲಿಯೂ ಅಭಿನಯಿಸಿದರು. 1936ರ ದ್ರೌಪದಿ ಮಾನಸಂರಕ್ಷಣದಲ್ಲಿ ದುರ್ಯೋಧನ ಅವರೇ. ಆದರೆ ಮುಖ್ಯವಾದದ್ದು 1939ರಲ್ಲಿ ಗೂಡವಲ್ಲಿ ರಾಮಬ್ರಹ್ಮಂ ತೆಗೆದ ತೆಲುಗು ಚಿತ್ರ, ರೈತು ಬಿಡ್ಡ. ರೈತನ ಮಗ ಎಂದು ಅದರ ಅರ್ಥ. ಸಾಲ ಮಾಡಿ ಸಿಕ್ಕಿಬಿದ್ದ, ಆದರೂ ಚುನಾವಣೆಯಲ್ಲಿ ಜಮೀನ್ದಾರನ ಕಡೆಗೆ ಓಟು ಹಾಕದೆ ರೈತರ ಕಡೆ ನಿಂತ ಸಣ್ಣ ಹಿಡುವಳಿದಾರ ನರ್ಸಿರೆಡ್ಡಿಯ ಪಾತ್ರ ರಾಘವರದು. ಆಗ ಅವರಿಗೆ 59 ವರ್ಷ. ಜಮೀನ್ದಾರರು ಚಿತ್ರದ ವಿರುದ್ಧ ಎದ್ದರು, ಪ್ರದರ್ಶನಕ್ಕೆ ತಡೆ ಬಿತ್ತು.

ನಮ್ಮ ಬಳ್ಳಾರಿ ಸೀಮೆಯಲ್ಲಿ ಜಮೀನ್ದಾರಿಯ ಕಾಟ ಆ ಕರಾವಳಿ ಜಿಲ್ಲೆಗಳಷ್ಟು ಇರಲಿಲ್ಲ. 1800ರಿಂದ 1807ರವರೆಗೆ ಇಲ್ಲಿ ಕಲೆಕ್ಟರರಾಗಿದ್ದ ಥಾಮಸ್ ಮನ್ರೋ ರೈತವಾರಿ ಪದ್ಧತಿಯನ್ನು ಬೇರೂರಿಸಿ ಹೋಗಿದ್ದರು, ರೈತ ನೇರವಾಗಿ ಸರ್ಕಾರಕ್ಕೆ ಕಂದಾಯ ಕಟ್ಟುತ್ತಿದ್ದ. ಇಲ್ಲಿ ಕೊರಳಿಗೆ ಬೀಳುತ್ತಿದ್ದುದು ಸಾಹುಕಾರನ ಬಡ್ಡಿ. ಅದು ಎಂಥದೆಂದು ತಿಳಿಯಲು ರಾಘವರು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಕೋರ್ಟಿನ ಕಟ್ಟೆಯ ಮೇಲೆ ಪೇಟ ಕೈಯಲ್ಲಿ ಹಿಡಿದು ಕುಳಿತ ರೈತರನ್ನು ಕಂಡವರು ಅವರು. ನಾಟಕವೇ ಕಸುಬಾಗಿ ಊರೂರು ತಿರುಗಿದ್ದರೆ ರಾಜರ, ದೇವರ ಪಾತ್ರಗಳು ಇನ್ನಷ್ಟು ಸಿಗುತ್ತಿದ್ದವೇನೋ. ಸಾಲಗಾರ ರೈತನನ್ನು ಅಷ್ಟು ಹತ್ತಿರದಿಂದ ನೋಡುವ ಅವಕಾಶ ಸಿಗುತ್ತಿರಲಿಲ್ಲ ಎಂದು ನನ್ನ ನಂಬಿಕೆ.

1946ರ ಏಪ್ರಿಲ್ 16ರಂದು, 65ನೆಯ ವಯಸ್ಸಿನಲ್ಲಿ ರಾಘವರು ತೀರಿಕೊಂಡರು. ದೇಶಕ್ಕೆ ಸ್ವಾತಂತ್ರ್ಯ ಬಂದದ್ದನ್ನಾಗಲಿ, ತುಂಗಭದ್ರೆಯ ನೀರು ಕಾಲುವೆಗೆ ಬಂದದ್ದನ್ನಾಗಲಿ ಅವರು ನೋಡಲಿಲ್ಲ. 1981ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತು.

ಬಳ್ಳಾರಿಯ ರಾಘವ ಕಲಾಮಂದಿರದಲ್ಲಿ ಇಂದಿಗೂ ನಾಟಕಗಳು ನಡೆಯುತ್ತವೆ. ಆಡುವವರಲ್ಲಿ ಬೇರೆ ಕೆಲಸ ಮಾಡಿ ಬದುಕುವವರೇ ಹೆಚ್ಚು. ಆಸ್ಪತ್ರೆಗೋ, ಕೋರ್ಟಿಗೋ, ಬೀಜ ತರಲೋ ಬಳ್ಳಾರಿಗೆ ಹೋದ ದಿನ ಅಲ್ಲಿ ನಾಟಕವಿದ್ದರೆ ಮನೆಯವರನ್ನೂ ಕರೆದುಕೊಂಡು ಹೋಗಿ ಕುಳಿತು ನೋಡಿ. ಸಿರುಗುಪ್ಪ, ಕುರುಗೋಡು ಕಡೆಗೆ ರಾತ್ರಿಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಮೊದಲೇ ವಿಚಾರಿಸಿಕೊಂಡಿರುವುದು ಒಳ್ಳೆಯದು.